ಮೆಟಲ್ ಕೇಳೋಕೆ ಯಾವ ಹೆಡ್‌ಫೋನ್ ತಗೋಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಗೆ ಹೋಗಿ ಹೆಡ್‌ಫೋನ್ ಕೇಳಿದರೆ "ಸಖತ್ ಬೇಸ್ ಇದೆ ಸಾರ್" ಅನ್ನೋ ಮಾತೇ ಮೊದಲು ಬರುತ್ತದೆ. ಥ್ರ್ಯಾಶ್, ಡೆತ್, ಬ್ಲ್ಯಾಕ್, ಡೂಮ್ ಅನ್ನೋ ಮೆಟಲ್ ಸಂಗೀತದ ಬಗೆಗಳನ್ನು ಕೇಳುವವರಿಗೆ ಆ ಒಂದು ಮಾತಿನಿಂದ ಏನೂ ತಿಳಿಯುವುದಿಲ್ಲ. ಮೆಟಲ್‌ನ ತೂಕ ಎಲ್ಲಿಂದ ಬರುತ್ತದೆ, ಎಂಥ ಹೆಡ್‌ಫೋನ್ ಅದನ್ನು ಕೆಡಿಸುತ್ತದೆ, ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಅನ್ನೋದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೆಟಲ್‌ಗೆ ಅಂತಲೇ ಬೇರೆ ಹೆಡ್‌ಫೋನ್ ಇದೆಯಾ?

ಇಲ್ಲ. ಒಳ್ಳೆಯ ಹೆಡ್‌ಫೋನಿನಲ್ಲಿ ಮೆಟಲ್ಲೂ ಚೆನ್ನಾಗಿರುತ್ತದೆ, ಹಿಂದೂಸ್ತಾನಿ ಗಾಯನವೂ ಚೆನ್ನಾಗಿರುತ್ತದೆ. ತೊಂದರೆ ಬರೋದು ಸಾಧಾರಣ ಹೆಡ್‌ಫೋನ್‌ಗಳಲ್ಲಿ. ಒಂದು ದನಿ, ಒಂದು ಗಿಟಾರ್ ಇರುವ ಹಾಡಿನಲ್ಲಿ ಅವುಗಳ ಕೊರತೆ ಮುಚ್ಚಿಹೋಗುತ್ತದೆ. ಮೆಟಲ್ ಹಾಕಿದ ಕೂಡಲೇ ಬಯಲಾಗುತ್ತದೆ.

ಕಾರಣ ಡಿಸ್ಟಾರ್ಷನ್, ಅಂದರೆ ಗಿಟಾರಿನ ಸದ್ದನ್ನು ಬೇಕೆಂದೇ ಒರಟಾಗಿ ಒಡೆಯುವ ಹಾಗೆ ಮಾಡುವುದು. ಡಿಸ್ಟಾರ್ಷನ್ ಹಾಕಿದ ಗಿಟಾರಿನಲ್ಲಿ ಒಂದೇ ತಂತಿ ಮೀಟಿದರೂ ಅದರ ಹಾರ್ಮೋನಿಕ್‌ಗಳೆಲ್ಲ (ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಎದ್ದು ನಿಲ್ಲುತ್ತವೆ. ಸುಮಾರು 80 ಹರ್ಟ್ಜ್‌ನಿಂದ 5000 ಹರ್ಟ್ಜ್‌ವರೆಗೆ ಜಾಗವೆಲ್ಲ ಅದರದೇ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ; ಸಂಖ್ಯೆ ಕಡಿಮೆ ಇದ್ದಷ್ಟೂ ಸ್ವರ ಕೆಳಗೆ). ಸಾಲದ್ದಕ್ಕೆ ಒಂದೇ ರಿಫ್ಫನ್ನು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎರಡು ಸಲ, ಕೆಲವೊಮ್ಮೆ ನಾಲ್ಕು ಸಲ ನುಡಿಸಿ ರೆಕಾರ್ಡ್ ಮಾಡಿ ಎಡಕ್ಕೂ ಬಲಕ್ಕೂ ಇಡುತ್ತಾರೆ. ಇಷ್ಟರ ನಡುವೆ ಬೇಸ್ ಗಿಟಾರ್, ಡಬಲ್ ಕಿಕ್ (ಎರಡೂ ಕಾಲಿನಿಂದ ಒದೆಯುವ ದೊಡ್ಡ ಡ್ರಮ್), ಸ್ನೇರ್ (ಚಟ್ ಅನ್ನುವ ಸಣ್ಣ ಡ್ರಮ್), ಸಿಂಬಲ್ (ಲೋಹದ ತಟ್ಟೆ), ಗಂಟಲು ಹರಿಯುವಂಥ ಗಾಯನ ಎಲ್ಲವೂ ಕೇಳಬೇಕು. ಉಸಿರಾಡಲು ಬಿಡುವಿಲ್ಲದ ಸಂಗೀತ ಇದು. ಹೆಡ್‌ಫೋನ್ ಒಂದು ಕಡೆ ಸ್ವಲ್ಪ ಉಬ್ಬಿದರೂ ಪಕ್ಕದಲ್ಲಿರುವ ವಾದ್ಯ ಮುಳುಗಿಹೋಗುತ್ತದೆ.

ಹಾಗಾಗಿ ನಾನು ಮೊದಲು ನೋಡೋದು ಒಂದೇ ವಿಷಯ: ಗಿಟಾರ್‌ಗಳ ಕೆಳಗೆ ಬೇಸ್ ಗಿಟಾರ್ ಬೇರೆಯಾಗಿ ಕೇಳುತ್ತದಾ ಇಲ್ಲವಾ. ಅದು ಕೇಳಿದರೆ ಉಳಿದದ್ದೂ ಸಾಮಾನ್ಯವಾಗಿ ಸರಿ ಇರುತ್ತದೆ.

ಆದ್ರೂ ಬೇಸ್ ಜಾಸ್ತಿ ಇರೋದೇ ಒಳ್ಳೇದು ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಉದ್ದವಾದ ಉತ್ತರವೇ ಬೇಕು, ಯಾಕೆಂದರೆ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

ಮೊದಲು ಲೆಕ್ಕ ನೋಡಿ. ಸ್ಟ್ಯಾಂಡರ್ಡ್ ಟ್ಯೂನಿಂಗ್‌ನಲ್ಲಿ ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಜ್. ಆ ತಂತಿಯನ್ನು ಇನ್ನೂ ಕೆಳಗಿಳಿಸಿ ಡ್ರಾಪ್ ಡಿ ಮಾಡಿದರೆ 73, ಡ್ರಾಪ್ ಸಿ ಮಾಡಿದರೆ 65. ಮೆಶುಗ್ಗಾ ತರದ ಬ್ಯಾಂಡ್‌ಗಳು ಎಂಟು ತಂತಿಯ ಗಿಟಾರ್ ಹಿಡಿಯುತ್ತವೆ. ಅದರ ಮಾಮೂಲಿ ಟ್ಯೂನಿಂಗ್‌ನಲ್ಲಿ ಕೆಳಗಿನ ತಂತಿ 46 ಹರ್ಟ್ಜ್. ನಾಲ್ಕು ತಂತಿಯ ಬೇಸ್ ಗಿಟಾರಿನದು 41. ಅಂದರೆ ಕೆಳಗಿನ ಸ್ವರಗಳು ಬೇಕು, ನಿಜ. ಆದರೆ ಅವು ಇದ್ದಷ್ಟೇ ಇರಬೇಕು, ಉಬ್ಬಬಾರದು.

ಬೇಸ್‌ಗೆಂದೇ ಮಾರುವ ಅಗ್ಗದ ಹೆಡ್‌ಫೋನ್‌ಗಳು ಉಬ್ಬಿಸೋದು ಹೆಚ್ಚಾಗಿ 100ರಿಂದ 300 ಹರ್ಟ್ಜ್ ನಡುವಿನ ಭಾಗವನ್ನು. ಡ್ಯಾನ್ಸ್ ಹಾಡಿನಲ್ಲಿ ಅದು ದುಮ್ ದುಮ್ ಅಂತ ಖುಷಿ ಕೊಡಬಹುದು. ಮೆಟಲ್‌ನಲ್ಲಿ ಗಿಟಾರಿನ ಮೈ ಇರುವ ಜಾಗವೇ ಅದು. ಮೊದಲೇ ತುಂಬಿರುವ ಜಾಗವನ್ನು ಇನ್ನೂ ತುಂಬಿದರೆ ಕೆಸರಾಗುತ್ತದೆ. ಪಾಮ್ ಮ್ಯೂಟ್ ಕೇಳಿ ನೋಡಿ. ಅಂಗೈಯ ಅಂಚನ್ನು ಬ್ರಿಡ್ಜ್ ಹತ್ತಿರ ತಂತಿಗಳ ಮೇಲೆ ಒತ್ತಿಟ್ಟು ಹೊಡೆದಾಗ ಬರುವ "ಜಗ್ ಜಗ್" ಶಬ್ದ. ಒಳ್ಳೆಯ ಹೆಡ್‌ಫೋನಿನಲ್ಲಿ ಪ್ರತಿ "ಜಗ್" ಶುರುವಾದ ಕಡೆಯೂ ನಿಂತ ಕಡೆಯೂ ಗೊತ್ತಾಗುತ್ತದೆ, ನಡುವೆ ಒಂದು ಸಣ್ಣ ಮೌನ ಇರುತ್ತದೆ. ಉಬ್ಬಿದ ಹೆಡ್‌ಫೋನಿನಲ್ಲಿ ಆ ಮೌನವೇ ಇರುವುದಿಲ್ಲ, ಒಂದೇ ಗುಂಯ್ ಅನ್ನುವ ಉದ್ದ ಶಬ್ದ.

ಡಬಲ್ ಕಿಕ್ ಕತೆಯೂ ಅದೇ. ನಿಮಿಷಕ್ಕೆ 200 ಬೀಟ್ ವೇಗದಲ್ಲಿ ಡ್ರಮ್ಮರ್ ಹದಿನಾರನೇ ನೋಟ್‌ಗಳನ್ನು ಒದೆಯುತ್ತಿದ್ದರೆ ಸೆಕೆಂಡಿಗೆ 13ಕ್ಕಿಂತ ಹೆಚ್ಚು ಏಟು. ಎರಡು ಏಟುಗಳ ನಡುವೆ 75 ಮಿಲಿಸೆಕೆಂಡ್. 50 ಹರ್ಟ್ಜ್‌ನ ಒಂದು ಅಲೆ ಮುಗಿಯಲಿಕ್ಕೇ 20 ಮಿಲಿಸೆಕೆಂಡ್ ಬೇಕು. ಅಷ್ಟು ಕಡಿಮೆ ಸಮಯದಲ್ಲಿ ಬರೀ ಕೆಳಗಿನ ಗುದ್ದಿನಿಂದ ಒಂದೊಂದು ಏಟನ್ನೂ ಬಿಡಿಸಿ ಕೇಳಿಸಲು ಆಗುವುದಿಲ್ಲ. ಅದಕ್ಕೇ ಮೆಟಲ್ ಎಂಜಿನಿಯರ್‌ಗಳು ಕಿಕ್ ಡ್ರಮ್ಮಿನ "ಟಕ್" ಶಬ್ದವನ್ನು, ಅಂದರೆ ಬೀಟರ್ ಚರ್ಮಕ್ಕೆ ತಾಗುವ ಸದ್ದನ್ನು, ಬೇಕೆಂದೇ ಎತ್ತಿ ಇಡುತ್ತಾರೆ. ಅದು ಇರೋದು 3000ದಿಂದ 5000 ಹರ್ಟ್ಜ್ ಆಸುಪಾಸಿನಲ್ಲಿ. ಆ ಭಾಗ ಕುಗ್ಗಿದ ಹೆಡ್‌ಫೋನಿನಲ್ಲಿ ಎಷ್ಟೇ ಬೇಸ್ ಇದ್ದರೂ ಡಬಲ್ ಕಿಕ್ ದೂರದ ಜನರೇಟರ್ ತರ ಕೇಳುತ್ತದೆ.

"ಫಾಸ್ಟ್" ಹೆಡ್‌ಫೋನ್ ಬೇಕು ಅಂತಾರಲ್ಲ, ಅದೇನು?

ಮೇಲೆ ಹೇಳಿದ್ದಕ್ಕೇ ಜನ ಇಟ್ಟುಕೊಂಡಿರುವ ಹೆಸರು. ಡಯಾಫ್ರಾಮ್ (ಹೆಡ್‌ಫೋನಿನೊಳಗೆ ಅಲುಗಿ ಸದ್ದು ಮಾಡುವ ತೆಳು ಹಾಳೆ) ಹಗುರ ಇದ್ದರೆ ಫಾಸ್ಟ್, ಭಾರ ಇದ್ದರೆ ಸ್ಲೋ ಅಂತ ಹೇಳಿ ಮುಗಿಸೋದು ಸರಿಯಲ್ಲ. ಮಿಡ್ ಅಂದರೆ ನಡುವಿನ ಸ್ವರಗಳು. ಕೆಳಗಿನ ಮಿಡ್ ಉಬ್ಬಿಲ್ಲದೆ, ಮೇಲಿನ ಮಿಡ್ ಕುಗ್ಗಿಲ್ಲದೆ ಇದ್ದರೆ ಏಟುಗಳು ಚುರುಕಾಗಿ ಕೇಳುತ್ತವೆ. ಸ್ವರಗಳ ಸಮತೋಲ ಸರಿ ಇರುವ ಸಾಮಾನ್ಯ ಡೈನಮಿಕ್ ಡ್ರೈವರ್‌ನಲ್ಲೂ (ಬಹುಪಾಲು ಹೆಡ್‌ಫೋನ್‌ಗಳಲ್ಲಿ ಸದ್ದು ಮಾಡುವ ಭಾಗ) ಬ್ಲಾಸ್ಟ್ ಬೀಟ್ (ಅತಿ ವೇಗದ ಡ್ರಮ್ ಬಡಿತ) ಸ್ವಚ್ಛವಾಗಿ ಕೇಳುತ್ತದೆ.

ಓಪನ್ ಬ್ಯಾಕ್ ತಗೋಳ್ಲಾ, ಕ್ಲೋಸ್ಡ್ ಬ್ಯಾಕ್ ತಗೋಳ್ಲಾ?

ಕಪ್‌ನ ಹಿಂಭಾಗ ತೆರೆದಿದ್ದರೆ ಓಪನ್ ಬ್ಯಾಕ್, ಮುಚ್ಚಿದ್ದರೆ ಕ್ಲೋಸ್ಡ್ ಬ್ಯಾಕ್. ಎಲ್ಲಿ ಕೂತು ಕೇಳುತ್ತೀರಿ ಅನ್ನೋದನ್ನು ಮೊದಲು ಹೇಳಿ. ಬಸ್ಸು, ಮೆಟ್ರೋ, ಆಫೀಸು ಆದರೆ ಮಾತೇ ಇಲ್ಲ, ಕ್ಲೋಸ್ಡ್ ಇಲ್ಲವೇ ಕಿವಿಯೊಳಗೆ ಕೂರುವ ಇಯರ್‌ಫೋನ್. ಓಪನ್ ಬ್ಯಾಕ್‌ನಲ್ಲಿ ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ, ನಿಮ್ಮ ಡೆತ್ ಮೆಟಲ್ ಪಕ್ಕದ ಸೀಟಿನವರಿಗೂ ಕೇಳುತ್ತದೆ.

ಮನೆಯಲ್ಲಿ ಒಂದು ಕೋಣೆ, ರಾತ್ರಿ ಒಂದೆರಡು ಗಂಟೆ ಬಿಡುವು ಇದ್ದರೆ ಓಪನ್ ಬ್ಯಾಕ್ ಕೇಳಲೇಬೇಕು. ಎಡಬಲದ ಗಿಟಾರ್‌ಗಳು ತಲೆಯ ಆಚೆಗೆ ಹೋಗಿ ನಿಲ್ಲುತ್ತವೆ, ನಡುವೆ ಗಾಯಕನಿಗೂ ಸ್ನೇರಿಗೂ ಜಾಗ ಸಿಗುತ್ತದೆ. ಒತ್ತೊತ್ತಾಗಿರುವ ಸಂಗೀತಕ್ಕೆ ಇದರಷ್ಟು ಉಪಕಾರ ಮಾಡುವುದು ಬೇರೊಂದಿಲ್ಲ. ಕಳೆದುಕೊಳ್ಳುವುದು ಅತಿ ಕೆಳಗಿನ ಗುದ್ದನ್ನು. ಓಪನ್ ಬ್ಯಾಕ್ ಡೈನಮಿಕ್ ಹೆಡ್‌ಫೋನ್‌ಗಳಲ್ಲಿ ಬಹುಪಾಲು 60 ಹರ್ಟ್ಜ್‌ಗಿಂತ ಕೆಳಗೆ ಸದ್ದು ಇಳಿಯುತ್ತಾ ಹೋಗುತ್ತದೆ.

ಸರಿ, ಮಾಡೆಲ್ ಹೆಸರು ಹೇಳಿ.

ಬೆಲೆ ಏರಿಳಿಯುತ್ತಲೇ ಇರುತ್ತದೆ, ಆದ್ದರಿಂದ ಕೊಳ್ಳುವ ದಿನ ನೀವೇ ನೋಡಿಕೊಳ್ಳಿ.

2000 ರೂಪಾಯಿ ಸುತ್ತಮುತ್ತ ಇದ್ದರೆ ದೊಡ್ಡ ಹೆಡ್‌ಫೋನ್ ಬೇಡ. ಆ ದುಡ್ಡಿಗೆ ವೈರ್ ಇರುವ ಇಯರ್‌ಫೋನ್ ತಗೊಳ್ಳಿ. ಮೂನ್‌ಡ್ರಾಪ್ ಚೂ 2, ಸೆವೆನ್‌ಹರ್ಟ್ಜ್ ಝೀರೋ 2 ಇಂಥವು ಈ ಬೆಲೆಗೆ ಕೊಡುವ ಸ್ಪಷ್ಟತೆ ಹತ್ತು ವರ್ಷದ ಹಿಂದೆ ಸಿಗುತ್ತಿರಲಿಲ್ಲ. ಎರಡರಲ್ಲಿ ಝೀರೋ 2 ಕೆಳಗಿನ ಸ್ವರಕ್ಕೆ ಒಂದಿಷ್ಟು ತೂಕ ಕೊಡುತ್ತದೆ, ಮೆಟಲ್‌ಗೆ ನನ್ನ ಓಟು ಅದಕ್ಕೆ. ಡಬ್ಬದಲ್ಲಿ ಬರುವ ಟಿಪ್‌ಗಳನ್ನೆಲ್ಲ ಹಾಕಿ ನೋಡಿ. ಟಿಪ್ ಸರಿ ಕೂರದಿದ್ದರೆ ಬೇಸ್ ಎಲ್ಲ ಸೋರಿಹೋಗುತ್ತದೆ, ಜನ ಸುಮ್ನೆ ಇಯರ್‌ಫೋನನ್ನು ಬೈಯುತ್ತಾರೆ.

ಹತ್ತು ಸಾವಿರದ ಆಸುಪಾಸಿನ ಸ್ಟುಡಿಯೋ ಹೆಡ್‌ಫೋನ್‌ಗಳಲ್ಲಿ ಆಡಿಯೋ ಟೆಕ್ನಿಕಾದ ಎಟಿಎಚ್ ಎಂ40ಎಕ್ಸ್ ನನ್ನ ಆಯ್ಕೆ. ಎಲ್ಲರೂ ಹೇಳುವುದು ಅದರ ಅಣ್ಣ ಎಂ50ಎಕ್ಸ್ ಹೆಸರನ್ನು. ಆದರೆ ಎಂ50ಎಕ್ಸ್‌ನಲ್ಲಿ ಕೆಳಗೂ ಮೇಲೂ ಸ್ವಲ್ಪ ಜಾಸ್ತಿ, ಗಿಟಾರ್ ಒಂದು ಹೆಜ್ಜೆ ಹಿಂದೆ ಸರಿದ ಹಾಗೆ ಇರುತ್ತದೆ. ಎಂ40ಎಕ್ಸ್‌ನಲ್ಲಿ ಗಿಟಾರ್ ಮುಂದೆಯೇ ಇರುತ್ತದೆ. ಕೊರತೆ ಏನೆಂದರೆ ಹಿಡಿತ ಬಿಗಿ, ಪ್ಯಾಡ್ ತೆಳು. 1991ರಿಂದ ಬರುತ್ತಿರುವ ಸೋನಿ ಎಂಡಿಆರ್ 7506 ಕೂಡ ಇದೇ ವರ್ಗದ್ದು. ಅದರಲ್ಲಿ ಪಿಕ್ ತಂತಿಗೆ ತಾಗುವ ಸದ್ದೂ ಬಿಡಿಯಾಗಿ ಕೇಳುತ್ತದೆ, ಆದರೆ ಮೇಲಿನ ಸ್ವರ ಚುರುಕು. ತಾಸುಗಟ್ಟಲೆ ಕೇಳಿದರೆ ಕಿವಿ ದಣಿಯುತ್ತದೆ.

ಇನ್ನೂ ಸ್ವಲ್ಪ ಹಾಕಬಲ್ಲಿರಾದರೆ ಮನೆಗೆ ಸೆನ್‌ಹೈಸರ್ ಎಚ್‌ಡಿ 560ಎಸ್. ಓಪನ್ ಬ್ಯಾಕ್, ಬೇಸ್ ಉಬ್ಬಿಲ್ಲ, ಸಾಕಷ್ಟು ಕೆಳಗಿನವರೆಗೂ ಹೋಗುತ್ತದೆ. ಕ್ಲೋಸ್ಡ್ ಬೇಕೆಂದರೆ ಬೇಯರ್‌ಡೈನಮಿಕ್ ಡಿಟಿ 770 ಪ್ರೊ. ವೆಲ್ವೆಟ್‌ನಂಥ ಮೆತ್ತನೆ ಪ್ಯಾಡ್, ವರ್ಷಗಟ್ಟಲೆ ಬಾಳುವ ಮೈಕಟ್ಟು, ಕೆಳಗಿನ ಗುದ್ದು ಎಲ್ಲ ಇದೆ. ಸಿಂಬಲ್ ಮಾತ್ರ ಸ್ವಲ್ಪ ಚುಚ್ಚುತ್ತದೆ. ಇದೇ ಕಂಪನಿಯ ಡಿಟಿ 990 ಇನ್ನೂ ಜಾಸ್ತಿ ಚುಚ್ಚುತ್ತದೆ, ಮೆಟಲ್‌ಗೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಅದಕ್ಕೂ ಮೇಲೆ ಹೋದರೆ ಎರಡು ದಾರಿ. ಒಂದು, 1997ರಲ್ಲಿ ಬಂದು ಇಂದಿಗೂ ಮಾರಾಟವಾಗುತ್ತಿರುವ ಸೆನ್‌ಹೈಸರ್ ಎಚ್‌ಡಿ 600. ಗಿಟಾರಿನ ನಿಜವಾದ ದನಿ ಕೇಳಬೇಕೆಂದರೆ ಇದು. ಬೇಸ್ ಗುದ್ದು ನಿರೀಕ್ಷಿಸಬೇಡಿ. ಇನ್ನೊಂದು, ಹೈಫೈಮ್ಯಾನ್ ಸುಂಡಾರಾ ತರದ ಪ್ಲೇನಾರ್ ಹೆಡ್‌ಫೋನ್. ಪ್ಲೇನಾರ್‌ನಲ್ಲಿ ತೆಳು ಹಾಳೆಯ ಉದ್ದಗಲಕ್ಕೂ ವಾಹಕದ ಗೆರೆಗಳಿದ್ದು, ಅಯಸ್ಕಾಂತಗಳು ಇಡೀ ಹಾಳೆಯನ್ನು ಒಟ್ಟಿಗೇ ಅಲುಗಿಸುತ್ತವೆ. ಕೆಳಗಿನ ಸ್ವರಗಳು ಕುಗ್ಗದೆ, ಕೆಸರಾಗದೆ ಬರುತ್ತವೆ. ಎಂಟು ತಂತಿಯ ಗಿಟಾರ್, ಅದರ ಕೆಳಗೆ ಬೇಸ್, ಅದರ ಜೊತೆಗೇ ಕಿಕ್ ಇರುವ ಸಂಗೀತಕ್ಕೆ ನನಗೆ ಇಷ್ಟ ಇದು.

ಗ್ರಾಡೋ ರಾಕ್‌ಗೆ ಸೂಪರ್ ಅಂತಾರೆ, ಮೆಟಲ್‌ಗೂ ಆಗುತ್ತಾ?

ಎಂಬತ್ತರ ದಶಕದ ಥ್ರ್ಯಾಶ್‌ಗೆ, ಸಾಂಪ್ರದಾಯಿಕ ಹೆವಿ ಮೆಟಲ್‌ಗೆ ಬಹಳ ಚೆನ್ನಾಗಿ ಆಗುತ್ತದೆ. 1953ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ ಈ ಮನೆತನದ ಕಂಪನಿಯ ಹೆಡ್‌ಫೋನ್‌ಗಳಲ್ಲಿ ಮೇಲಿನ ಮಿಡ್ ಎದ್ದಿರುತ್ತದೆ, ಗಿಟಾರಿನ ಹಲ್ಲು ಕಾಣುತ್ತದೆ. ಎಸ್‌ಆರ್ 80ಯಲ್ಲಿ ಹಳೆಯ ಥ್ರ್ಯಾಶ್ ಕೇಳುವ ಸುಖವೇ ಬೇರೆ. ಆದರೆ ಕೆಳಗಿನ ಬೇಸ್ ಕಡಿಮೆ. ಡೂಮ್‌ಗೂ ಜೆಂಟ್‌ಗೂ (ಮೆಶುಗ್ಗಾ ತರದ, ಗಿಟಾರ್ ಬಹಳ ಕೆಳಗಿಳಿಸಿದ ಮೆಟಲ್) ಬೇಡ.

ನಾನು ಕೇಳೋದು ಬರೀ ಬ್ಲ್ಯಾಕ್ ಮೆಟಲ್. ಇದೇ ಸಲಹೆ ನನಗೂ ಹೊಂದುತ್ತಾ?

ಪೂರ್ತಿ ಹೊಂದುವುದಿಲ್ಲ. ತೊಂಬತ್ತರ ದಶಕದ ನಾರ್ವೆಯ ಆಲ್ಬಮ್‌ಗಳಲ್ಲಿ ಹಲವನ್ನು ಬೇಕೆಂದೇ ಒರಟಾಗಿ ರೆಕಾರ್ಡ್ ಮಾಡಿದ್ದಾರೆ. ಡಾರ್ಕ್‌ಥ್ರೋನ್‌ನ 1994ರ ಆಲ್ಬಮ್ ನಾಲ್ಕು ಟ್ರ್ಯಾಕಿನ ಮನೆ ರೆಕಾರ್ಡರಿನಲ್ಲಿ ಆದದ್ದು. ಬೇಸ್ ಬಹಳ ಕಡಿಮೆ, ಮೇಲಿನ ಸ್ವರ ತೀಕ್ಷ್ಣ, ಗಿಟಾರ್ ಜೇನುಹುಳುಗಳ ಹಿಂಡಿನ ಹಾಗೆ. ಇಂಥದ್ದನ್ನು ಚುಚ್ಚುವ ಹೆಡ್‌ಫೋನಿನಲ್ಲಿ ಕೇಳಿದರೆ ಹತ್ತು ನಿಮಿಷಕ್ಕೇ ಸಾಕಾಗುತ್ತದೆ. ಮೇಲಿನ ಸ್ವರ ಮೆತ್ತಗಿರುವ, ಮಿಡ್‌ನಲ್ಲಿ ಮೈ ಇರುವ ಹೆಡ್‌ಫೋನ್ ತಗೊಳ್ಳಿ. ಎಚ್‌ಡಿ 600ರ ತಮ್ಮ ಎಚ್‌ಡಿ 650 ಇದಕ್ಕೆ ಸರಿಯಾದ ಜೋಡಿ.

ಡೂಮ್, ಸ್ಟೋನರ್, ಸ್ಲಡ್ಜ್ ಕೇಳುವವರದ್ದು ತದ್ವಿರುದ್ಧ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ 1971ರ ಹೊತ್ತಿಗೆ ಗಿಟಾರನ್ನು ಮೂರು ಸೆಮಿಟೋನ್ ಕೆಳಗಿಳಿಸಿದರು. ಕಾರ್ಖಾನೆಯಲ್ಲಿ ಬೆರಳ ತುದಿ ಕತ್ತರಿಸಿಹೋಗಿದ್ದರಿಂದ ತಂತಿ ಸಡಿಲ ಇದ್ದರೆ ಒತ್ತುವುದು ಅವರಿಗೆ ಸುಲಭವಾಗುತ್ತಿತ್ತು. ಅಲ್ಲಿಂದ ಶುರುವಾದ ಈ ಪ್ರಕಾರ ನಿಂತಿರುವುದೇ ಕೆಳಗಿನ ಸ್ವರದ ಮೇಲೆ. ಇಲ್ಲಿ ವೇಗದ ಒತ್ತಡ ಇಲ್ಲ, ಸ್ವರಗಳು ಉದ್ದಕ್ಕೆ ಎಳೆದುಕೊಂಡು ಹೋಗುತ್ತವೆ. ಆದ್ದರಿಂದ ಬೇಸ್ ಸ್ವಲ್ಪ ಜಾಸ್ತಿ ಇದ್ದರೂ ಹಾಳಾಗುವುದಿಲ್ಲ. ಬೆಂಗಳೂರಿನ ಬೆವರ್ ಸೀ ಬ್ಯಾಂಡನ್ನು ಡಿಟಿ 770ಯಲ್ಲಿ ಕೇಳಿ, ನಾನು ಹೇಳುತ್ತಿರುವುದು ಗೊತ್ತಾಗುತ್ತದೆ.

ದುಬಾರಿ ಹೆಡ್‌ಫೋನ್ ತಂದೆ, ನನ್ನ ಇಷ್ಟದ ಆಲ್ಬಮ್ ಮೊದಲಿಗಿಂತ ಕೆಟ್ಟದಾಗಿದೆ. ಯಾಕೆ?

ಹೆಡ್‌ಫೋನ್ ಸರಿ ಇದೆ, ಆಲ್ಬಮ್ ಹಾಗೇ ಇದೆ. ಮೆಟಾಲಿಕಾದ 2008ರ "ಡೆತ್ ಮ್ಯಾಗ್ನೆಟಿಕ್" ಇದಕ್ಕೆ ದೊಡ್ಡ ಉದಾಹರಣೆ. ಜೋರಾಗಿ ಕೇಳಬೇಕೆಂದು ಸದ್ದನ್ನು ಎಷ್ಟು ಒತ್ತಿದ್ದರೆಂದರೆ ಸಿಡಿಯಲ್ಲೇ ಶಬ್ದ ಹರಿದುಹೋಗಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ಆಟದಲ್ಲಿ ಅಷ್ಟು ಒತ್ತದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ ದನಿ ಎತ್ತಿದರು. ಇದೇ ಬ್ಯಾಂಡಿನ 1988ರ "...ಆ್ಯಂಡ್ ಜಸ್ಟಿಸ್ ಫಾರ್ ಆಲ್" ಆಲ್ಬಮ್‌ನಲ್ಲಿ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಗಿಟಾರ್ ಕೇಳುವುದೇ ಇಲ್ಲ ಅನ್ನಬಹುದು, ಮಿಕ್ಸ್‌ನಲ್ಲೇ ಅಷ್ಟು ಇಳಿಸಿದ್ದಾರೆ. ಯಾವ ಹೆಡ್‌ಫೋನೂ ಅದನ್ನು ಮೇಲೆತ್ತಲಾರದು.

ಹಾಗಾಗಿ ಹೆಡ್‌ಫೋನ್ ಪರೀಕ್ಷೆಗೆ ಇಂಥ ಆಲ್ಬಮ್ ಬಳಸಬೇಡಿ. ಎಷ್ಟೇ ಇಷ್ಟವಾದರೂ.

ಬ್ಲೂಟೂತ್ ಸಾಕಾಗಲ್ವಾ?

ಓಡಾಡುವಾಗ ಸಾಕು. ಕೊಡೆಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ) ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಹೆಡ್‌ಫೋನಿನ ಸ್ವರ ಸಮತೋಲ ನೋಡಿ, ವ್ಯತ್ಯಾಸ ಆಗೋದು ಅಲ್ಲೇ ಹೆಚ್ಚು. ಕೊಡೆಕ್‌ನ ಕೊರತೆ ಗೊತ್ತಾಗುವುದಿದ್ದರೆ ಸಿಂಬಲ್‌ನಲ್ಲಿ. ಬಿಟ್ ರೇಟ್ (ಸೆಕೆಂಡಿಗೆ ಹೋಗುವ ಮಾಹಿತಿ) ಇಳಿದಾಗ "ಸ್ಸ್ಸ್" ಅನ್ನುವ ಉದ್ದ ಸದ್ದು ನೀರಿನಲ್ಲಿ ಅಲುಗಿದ ಹಾಗೆ ಕೇಳುತ್ತದೆ. ಎಲ್‌ಡಿಎಸಿ ಅನ್ನುವ ಕೊಡೆಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸಬಲ್ಲದು, ಆದರೆ ಐಫೋನಿನಲ್ಲಿ ಅದಿಲ್ಲ, ಅಲ್ಲಿ ಹೆಚ್ಚಾಗಿ ಎಎಸಿಯೇ. ಜೊತೆಗೆ ನಿಮ್ಮ ಮ್ಯೂಸಿಕ್ ಆ್ಯಪಿನ ಸೆಟ್ಟಿಂಗ್ ನೋಡಿ. ಗುಣಮಟ್ಟ "ಆಟೋಮ್ಯಾಟಿಕ್" ಅಂತ ಇದ್ದರೆ ಅತಿ ಹೆಚ್ಚಿನದಕ್ಕೆ ಬದಲಾಯಿಸಿ. ಪುಕ್ಕಟೆ ಸಿಗುವ ಸುಧಾರಣೆ ಇದು.

ನಾಯ್ಸ್ ಕ್ಯಾನ್ಸಲೇಶನ್ ಇರುವುದು ತಗೊಂಡರೆ ಒಳ್ಳೆಯದು. ಬಸ್ ಎಂಜಿನ್‌ನಂಥ ಕೆಳಗಿನ ಗುಂಯ್‌ಗುಡುವ ಸದ್ದನ್ನು ಅದು ಚೆನ್ನಾಗಿ ತಡೆಯುತ್ತದೆ. ಹೊರಗಿನ ಸದ್ದು ಮುಚ್ಚಲು ವಾಲ್ಯೂಮ್ ಏರಿಸುವುದು ತಪ್ಪುತ್ತದೆ.

ಆಂಪ್, ಡ್ಯಾಕ್ ಎಲ್ಲ ಬೇಕಾ?

ಡ್ಯಾಕ್ ಡಿಜಿಟಲ್ ಹಾಡನ್ನು ವಿದ್ಯುತ್ ಸಿಗ್ನಲ್ ಮಾಡುತ್ತದೆ, ಆಂಪ್ ಅದಕ್ಕೆ ಬಲ ಕೊಡುತ್ತದೆ. ಓಮ್ ಹೆಚ್ಚಿದ್ದಷ್ಟೂ ಹೆಡ್‌ಫೋನ್ ನಡೆಸುವುದು ಸಾಮಾನ್ಯವಾಗಿ ಫೋನಿಗೆ ಕಷ್ಟ. ಎಂ40ಎಕ್ಸ್ 35 ಓಮ್, ಇಯರ್‌ಫೋನ್‌ಗಳೂ ಬಹುಪಾಲು ನಡೆಸಲು ಹಗುರವೇ. ಇವಕ್ಕೆ ಫೋನ್ ಸಾಕು, ಹೆಡ್‌ಫೋನ್ ತೂತು ಇಲ್ಲದಿದ್ದರೆ ಒಂದು ಸಣ್ಣ ಯುಎಸ್‌ಬಿ ಸಿ ಡಾಂಗಲ್. ಎಚ್‌ಡಿ 600 ಇರೋದು 300 ಓಮ್, ಅದಕ್ಕೆ ಫೋನ್ ಉಸಿರು ಸಾಲದು. ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಬರುತ್ತದೆ. ಫೋನಿಗೇ ಹಾಕುವುದಾದರೆ 250ರದ್ದು ತಗೊಂಡು ಪರದಾಡಬೇಡಿ. ಆ್ಯಪಲ್‌ನ ಡಾಂಗಲ್ ಒಳ್ಳೆಯದೇ, ಆದರೆ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ವಾಲ್ಯೂಮ್ ಕಡಿಮೆ ಬರುತ್ತದೆ.

ಈಕ್ವಲೈಜರ್ ಹಾಕೋದು ತಪ್ಪಾ?

ತಪ್ಪಲ್ಲ, ಹಾಕಲೇಬೇಕು ಅನ್ನುವವನು ನಾನು. ಸ್ವರಗಳ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ ಅದು. ಆಂಡ್ರಾಯ್ಡ್‌ನಲ್ಲಿ ವೇವ್ಲೆಟ್, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಇವೆ. ಆಟೋಈಕ್ಯು ಎಂಬ ಮುಕ್ತ ಯೋಜನೆಯಲ್ಲಿ ಸಾವಿರಾರು ಹೆಡ್‌ಫೋನ್‌ಗಳ ಅಳತೆಯಿಂದ ಮಾಡಿದ ಸೆಟ್ಟಿಂಗ್‌ಗಳು ಸಿಗುತ್ತವೆ, ನಿಮ್ಮ ಮಾಡೆಲ್ ಹುಡುಕಿ ಹಾಕಿಕೊಳ್ಳಿ.

ಕೈಯಿಂದಲೇ ಮಾಡುವುದಾದರೆ ಏರಿಸುವುದಕ್ಕಿಂತ ಇಳಿಸುವುದನ್ನು ಮೊದಲು ಮಾಡಿ. ಕೆಸರಾಗಿದ್ದರೆ 200 ಹರ್ಟ್ಜ್ ಹತ್ತಿರ ಎರಡು ಮೂರು ಡೆಸಿಬೆಲ್ ತೆಗೆಯಿರಿ. ಸಿಂಬಲ್ ಚುಚ್ಚಿದರೆ 8000 ಹರ್ಟ್ಜ್ ಹತ್ತಿರ ಅಷ್ಟೇ ತೆಗೆಯಿರಿ. ಯಾವುದನ್ನಾದರೂ ಏರಿಸಿದರೆ ಪ್ರೀಆಂಪನ್ನು (ಈಕ್ವಲೈಜರಿನ ಒಟ್ಟು ಸದ್ದಿನ ಮಟ್ಟ) ಅಷ್ಟೇ ಡೆಸಿಬೆಲ್ ಇಳಿಸಬೇಕು, ಇಲ್ಲದಿದ್ದರೆ ಮೊದಲೇ ತುಂಬಿರುವ ಮೆಟಲ್ ಸಿಗ್ನಲ್ ಒಡೆದುಹೋಗುತ್ತದೆ. ಫೋನುಗಳಲ್ಲಿ ಬರುವ "ರಾಕ್" ಪ್ರೀಸೆಟ್ ಬೇಡ. ಅದು ಹೆಚ್ಚಾಗಿ ಮಿಡ್ ಕಡಿಮೆ ಮಾಡುತ್ತದೆ, ಗಿಟಾರ್ ಇರೋದೇ ಅಲ್ಲಿ.

ಬರ್ನ್ ಇನ್ ಮಾಡಬೇಕಾ?

ಬೇಡ. ಹೊಸ ಹೆಡ್‌ಫೋನಿನಲ್ಲಿ ಗಂಟೆಗಟ್ಟಲೆ ಹಾಡು ಓಡಿಸಿ ಪಳಗಿಸುವುದಕ್ಕೆ ಬರ್ನ್ ಇನ್ ಅಂತಾರೆ. ದಿನ ಕಳೆದ ಹಾಗೆ ಪ್ಯಾಡ್ ಮೆತ್ತಗಾಗುತ್ತದೆ, ನಿಮ್ಮ ಕಿವಿಗೆ ರೂಢಿಯಾಗುತ್ತದೆ. ಬದಲಾವಣೆ ಬಹುಪಾಲು ಅಷ್ಟೇ.

ಕನ್ನಡಕ ಹಾಕ್ತೀನಿ. ಏನಾದರೂ ತೊಂದರೆ ಇದೆಯಾ?

ಇದೆ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಹಿಡಿಯುತ್ತದೆ, ಆ ಸಂದಿನಿಂದ ಬೇಸ್ ಸೋರುತ್ತದೆ. ಕ್ಲೋಸ್ಡ್ ಹೆಡ್‌ಫೋನ್‌ಗಳಲ್ಲಿ ಇದು ಜಾಸ್ತಿ. ತೆಳು ಕಡ್ಡಿಯ ಕನ್ನಡಕ, ದಪ್ಪ ಮೆತ್ತನೆ ಪ್ಯಾಡ್ ಇದ್ದರೆ ಬಚಾವು. ಪ್ಯಾಡ್ ಸಿಪ್ಪೆ ಸುಲಿಯಲು ಶುರುವಾದಾಗಲೂ ಇದೇ ಆಗುತ್ತದೆ, ಆಗ ಅದೇ ಕಂಪನಿಯ ಪ್ಯಾಡ್ ಹಾಕಿಸಿ. ಬೇರೆ ಪ್ಯಾಡ್ ಹಾಕಿದರೆ ಹೆಡ್‌ಫೋನಿನ ದನಿಯೇ ಬದಲಾಗುತ್ತದೆ.

ಕಾನ್ಸರ್ಟ್‌ನಲ್ಲಿ ಎದೆಗೆ ಗುದ್ದಿದ ಹಾಗೆ ಹೆಡ್‌ಫೋನಿನಲ್ಲೂ ಆಗುತ್ತಾ?

ಆಗಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಅಲ್ಲಿದ್ದವರಿಗೆ ಕಿಕ್ ಡ್ರಮ್ ತಾಗಿದ್ದು ಇಡೀ ಮೈಗೆ. ದೊಡ್ಡ ಸ್ಪೀಕರ್‌ಗಳು ತಳ್ಳುವ ಗಾಳಿಯ ಕೆಲಸ ಅದು. ಹೆಡ್‌ಫೋನ್ ತಳ್ಳುವುದು ಕಿವಿಯ ಮುಂದಿನ ಸ್ವಲ್ಪ ಗಾಳಿಯನ್ನು ಮಾತ್ರ. ಆ ಗುದ್ದು ಸಿಗಲಿಲ್ಲವೆಂದು ಜನ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ, ನನಗೆ ಭಯವಾಗುವುದು ಇದಕ್ಕೇ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 95ಕ್ಕೆ ಬಂದರೆ ಇಡೀ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ಬೇರೆ ಸಂಗೀತದಲ್ಲಿ ನಡುನಡುವೆ ಸದ್ದು ಇಳಿಯುತ್ತದೆ, ಕಿವಿಗೆ ಬಿಡುವು ಸಿಗುತ್ತದೆ. ಒತ್ತಿ ಮಾಸ್ಟರ್ ಮಾಡಿದ ಡೆತ್ ಮೆಟಲ್ ಆಲ್ಬಮ್‌ನಲ್ಲಿ ಮೊದಲಿನಿಂದ ಕೊನೆವರೆಗೆ ಅದೇ ಮಟ್ಟ. ಕೇಳಿದ ಮೇಲೆ ಕಿವಿಯಲ್ಲಿ ಸಣ್ಣಗೆ "ಈಈ" ಅಂತ ಸದ್ದು ಉಳಿದರೆ ವಾಲ್ಯೂಮ್ ಜಾಸ್ತಿಯಾಗಿದೆ ಎಂದೇ ಅರ್ಥ. ಹೋದ ಕಿವಿ ವಾಪಸ್ ಬರುವುದಿಲ್ಲ. ಐಫೋನಿನಲ್ಲೂ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ವಾಲ್ಯೂಮ್ ಮಿತಿ ಇಡುವ ಸೆಟ್ಟಿಂಗ್ ಇದೆ, ಇವತ್ತೇ ಹಾಕಿ.

ಅಂಗಡಿಯಲ್ಲಿ ಹೇಗೆ ಕೇಳಿ ನೋಡಲಿ?

ಅವರ ಹಾಡು ಬೇಡ, ನಿಮ್ಮ ಫೋನಿನಲ್ಲಿ ನಿಮಗೆ ಬಾಯಿಪಾಠವಾಗಿರುವ ಮೂರು ನಾಲ್ಕು ಹಾಡು ಡೌನ್‌ಲೋಡ್ ಮಾಡಿಕೊಂಡು ಹೋಗಿ. ಒಂದರಲ್ಲಿ ವೇಗದ ಡಬಲ್ ಕಿಕ್ ಇರಲಿ. ಒಂದರಲ್ಲಿ ಬೇಸ್ ಗಿಟಾರ್ ಗಿಟಾರಿನ ಜೊತೆ ಹೋಗದೆ ತನ್ನದೇ ದಾರಿ ಹಿಡಿದಿರಲಿ. ಇನ್ನೊಂದು ಎರಡು ಗಿಟಾರ್‌ಗಳ ಜೋಡಿ ಲೀಡ್ (ಮುಂದೆ ನಿಂತು ರಾಗ ನುಡಿಸುವ ಗಿಟಾರ್) ಇರುವುದು. ನಾನು ಇದಕ್ಕೆ ಬೆಂಗಳೂರಿನವರೇ ಆದ ಕ್ರಿಪ್ಟೋಸ್ ಬ್ಯಾಂಡಿನ ಹಾಡು ಹಾಕುತ್ತೇನೆ. ಎರಡು ಲೀಡ್‌ಗಳು ಒಂದಕ್ಕೊಂದು ಅಂಟದೆ ಪಕ್ಕಪಕ್ಕ ಓಡಬೇಕು.

ಎರಡು ಹೆಡ್‌ಫೋನ್ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟಕ್ಕೆ ತನ್ನಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸುತ್ತದೆ. ಮೊದಲ ಅರ್ಧ ನಿಮಿಷದಲ್ಲಿ "ವಾಹ್" ಅನ್ನಿಸಿದ್ದನ್ನು ಕೂಡಲೇ ಕೊಳ್ಳಬೇಡಿ, ಇಪ್ಪತ್ತು ನಿಮಿಷ ತಲೆ ಮೇಲೆ ಇಟ್ಟುಕೊಂಡಿರಿ. ಚುಚ್ಚುವ ಸಿಂಬಲ್, ಬಿಗಿ ಹಿಡಿತ, ಬೆವರುವ ಪ್ಯಾಡ್ ಎಲ್ಲ ಆಗಲೇ ಗೊತ್ತಾಗೋದು. ಊರಿನಲ್ಲಿ ಅಂಥ ಅಂಗಡಿ ಇಲ್ಲದಿದ್ದರೆ, ತೆರೆದು ಕೇಳಿದ ಮೇಲೂ ವಾಪಸ್ ತಗೊಳ್ಳುವ ಕಡೆ ಆರ್ಡರ್ ಮಾಡಿ. ಡಬ್ಬ, ಬಿಲ್ಲು ಎರಡನ್ನೂ ಗಡುವು ಮುಗಿಯುವವರೆಗೆ ಎಸೆಯಬೇಡಿ.